ಮೇಷ್ಟ್ರು ಕಟ್ಟಿದ ಓಟ

ಮಲೆನಾಡಿನ ಮಕ್ಕಳ ಕಾಲು ಗಟ್ಟಿ ಎಂಬ ಮಾತು ಸಕಲೇಶಪುರ, ಆಲೂರು ಕಡೆ ಹೊಸದೇನಲ್ಲ. ಅದರಲ್ಲಿ ಸುಳ್ಳೂ ಇಲ್ಲ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಒಳಹಳ್ಳಿಗಳಲ್ಲಿ ಶಾಲೆಗೆ ಹೋಗುವುದೆಂದರೆ ಮನೆ ಮುಂದಿನ ಇಳಿಜಾರು ಇಳಿದು, ಹಳ್ಳ ದಾಟಿ, ಕಾಫಿ ತೋಟದ ಬೇಲಿ ಪಕ್ಕದ ಕಾಲುದಾರಿಯಲ್ಲಿ ಏರು ಹತ್ತಿ ಡಾಂಬರು ರಸ್ತೆ ಸೇರುವುದು. ಆಲೂರಿನ ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಕಡೆ ಗುಡ್ಡಗಳು ಸ್ವಲ್ಪ ತಗ್ಗಿದರೂ ಸಮತಟ್ಟಾದ ದಾರಿ ಅಪರೂಪವೇ. ಸಕಲೇಶಪುರ ಪಟ್ಟಣವೇ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಮಳೆಗಾಲ ಕಳೆದ ಮೇಲೆ ಹವೆ ತಂಪಾಗಿ, ಹಿತವಾಗಿರುತ್ತದೆ. ದೂರದ ಓಟಕ್ಕೆ ಇದಕ್ಕಿಂತ ಒಳ್ಳೆಯ ನೆಲವನ್ನು ರಾಜ್ಯದಲ್ಲಿ ಹುಡುಕುವುದು ಕಷ್ಟ. ಆದರೂ ಈ ಸೀಮೆ ಕಾಫಿಗೆ, ಏಲಕ್ಕಿಗೆ, ಮಂಜರಾಬಾದ್ ಕೋಟೆಗೆ, ಈಚೆಗೆ ಆನೆ ಹಾವಳಿಗೆ ಹೆಸರಾಯಿತೇ ಹೊರತು ಓಟಗಾರರಿಗೆ ಹೆಸರಾಗಲಿಲ್ಲ. ನೆಲ ಇದೆ, ಕಾಲೂ ಇದೆ ಎಂದಮೇಲೆ ಕೊರತೆ ಇರುವುದು ಎಲ್ಲಿ? ಕೊರತೆ ಶಾಲೆಗಳ ನಡುವೆ ಇದೆ ಎಂಬುದು ಈ ಲೇಖನದ ವಾದ. ದೂರದ ಓಟಗಾರರು ತಾವಾಗಿ ಹುಟ್ಟಿಕೊಳ್ಳುವುದಿಲ್ಲ. ಒಬ್ಬ ಮೇಷ್ಟ್ರು ಮುಂದೆ ನಿಂತು ಕಟ್ಟಿದ, ವರ್ಷ ತಪ್ಪದೆ ನಡೆಯುವ ಒಂದು ಓಟ ಅವರನ್ನು ಹುಟ್ಟಿಸುತ್ತದೆ.

ಇದಕ್ಕೆ ಮೊದಲ ಸಾಕ್ಷಿ 1920ರ ಆಗಸ್ಟ್ 22ರಂದು ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು, 42.75 ಕಿಲೋಮೀಟರ್. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಗೆದ್ದ ಆ ಓಟದಲ್ಲಿ ಏಷ್ಯಾದ ಇಬ್ಬರು ಹೆಚ್ಚು ಅಂತರವಿಲ್ಲದೆ ಗುರಿ ಮುಟ್ಟಿದರು. 16ನೆಯವರು ಜಪಾನಿನ ಶಿಜೊ ಕನಕುರಿ. 19ನೆಯವರು ನಮ್ಮ ಬೆಳಗಾವಿ ಸೀಮೆಯ ಪಾಟಗುಂದಿ ಮೂಲದ ಫಡೆಪ್ಪ ದರೆಪ್ಪ ಚೌಗುಲೆ. ಇಬ್ಬರ ನಡುವಿನ ಅಂತರ ಸುಮಾರು ಎರಡು ನಿಮಿಷ. ಎರಡು ದೇಶಗಳೂ ದೂರದ ಓಟದಲ್ಲಿ ಆಗ ಅಂಬೆಗಾಲಿಡುತ್ತಿದ್ದವು. ಮುಂದಿನ ನೂರು ವರ್ಷಗಳಲ್ಲಿ ಒಂದು ದೇಶ ಸಾವಿರಾರು ಮ್ಯಾರಥಾನ್ ಓಟಗಾರರನ್ನು ಬೆಳೆಸಿತು, ಇನ್ನೊಂದು ಬೆರಳೆಣಿಕೆಯವರನ್ನು. ಆ ದಿನ ಓಡಿದ ಇಬ್ಬರ ದೇಹಬಲದಲ್ಲಿ ಈ ವ್ಯತ್ಯಾಸಕ್ಕೆ ಕಾರಣ ಸಿಗುವುದಿಲ್ಲ. ಕನಕುರಿ ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಓಟವನ್ನು ಅವರು ಊರಿಗೆ ಹಿಂದಿರುಗಿ ತಮ್ಮ ಕಸುಬಿನೊಳಕ್ಕೇ ಸೇರಿಸಿಕೊಂಡರು. ಹಾಗಾಗಿ ಅವರ ಬದುಕನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕನಕುರಿ ಹುಟ್ಟಿದ್ದು 1891ರಲ್ಲಿ, ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದ ಕುಮಮೊಟೊ ಪ್ರಾಂತ್ಯದ ಹಳ್ಳಿಯೊಂದರಲ್ಲಿ. ಚಿಕ್ಕಂದಿನಲ್ಲಿ ಬಡಕಲು ಹುಡುಗ. ಮೇಲಿನ ತರಗತಿಯ ಶಾಲೆ ಆರು ಕಿಲೋಮೀಟರ್ ದೂರದಲ್ಲಿತ್ತು. ಹೋಗಿ ಬರುವ ಹನ್ನೆರಡು ಕಿಲೋಮೀಟರ್ ಗುಡ್ಡದ ದಾರಿಯನ್ನು ಹಳ್ಳಿಯ ಮಕ್ಕಳ ಜೊತೆ ಓಡಿಯೇ ಮುಗಿಸುತ್ತಿದ್ದ. ಎರಡು ಸಲ ಉಸಿರು ಎಳೆದುಕೊಂಡು ಎರಡು ಸಲ ಬಿಡುವ ಲಯವನ್ನು ಆ ದಾರಿಯಲ್ಲೇ ತಾನಾಗಿ ಕಂಡುಕೊಂಡ. ಮುಂದೆ ಓದಲು ಸೇರಿದ್ದು ಟೋಕಿಯೊ ಹೈಯರ್ ನಾರ್ಮಲ್ ಸ್ಕೂಲ್‌ಗೆ, ಅಂದರೆ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗೆ. ಅಲ್ಲಿನ ಮುಖ್ಯಸ್ಥರು ಜೂಡೊ ಕಲೆಯ ಜನಕ ಜಿಗೊರೊ ಕಾನೊ. ಪಾಠದಷ್ಟೇ ಮೈ ಬೆವರುವುದೂ ಶಿಕ್ಷಣ ಎಂದು ನಂಬಿದ್ದ ಕಾನೊ ವಿದ್ಯಾರ್ಥಿಗಳಿಗೆಲ್ಲ ದೂರದ ಓಟ ಏರ್ಪಡಿಸುತ್ತಿದ್ದರು. 1911ರಲ್ಲಿ ಒಲಿಂಪಿಕ್ಸ್‌ಗೆ ಆಯ್ಕೆ ಓಟ ನಡೆದಾಗ ಕನಕುರಿ ಗೆದ್ದರು. ಸಹಪಾಠಿಗಳು ಪ್ರಯಾಣಕ್ಕೆ ಚಂದಾ ಎತ್ತಿದರು. 1912ರ ಮೇ ತಿಂಗಳಲ್ಲಿ ಹೊರಟು ಹಡಗು ಮತ್ತು ಸೈಬೀರಿಯಾದ ರೈಲಿನಲ್ಲಿ ಹದಿನೇಳು ಹದಿನೆಂಟು ದಿನ ಪ್ರಯಾಣ ಮಾಡಿ ಸ್ವೀಡನ್ನಿನ ಸ್ಟಾಕ್‌ಹೋಮ್ ತಲುಪಿದರು. ಜಪಾನ್ ಒಲಿಂಪಿಕ್ಸ್‌ಗೆ ಕಳಿಸಿದ ಮೊದಲ ಇಬ್ಬರಲ್ಲಿ ಅವರೊಬ್ಬರು.

ಅಲ್ಲಿ ನಡೆದದ್ದು ಜಗತ್ತಿಗೆಲ್ಲ ಗೊತ್ತಿರುವ ಕತೆ. ಜುಲೈ 14ರ ಆ ದಿನ ನೆರಳಿನಲ್ಲೂ 32 ಡಿಗ್ರಿ ಸೆಲ್ಸಿಯಸ್ ಬಿಸಿಲು. ಹೊರಟ 68 ಜನರಲ್ಲಿ ಅರ್ಧದಷ್ಟು ಮಂದಿ ಮಾತ್ರ ಗುರಿ ಮುಟ್ಟಿದರು. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಜಾರೊ ದಾರಿಯಲ್ಲಿ ಕುಸಿದು ಮರುದಿನ ತೀರಿಕೊಂಡರು. ಬಟ್ಟೆಯ ಸಾಂಪ್ರದಾಯಿಕ ಪಾದರಕ್ಷೆಯಲ್ಲಿ ಗಟ್ಟಿ ರಸ್ತೆಯ ಮೇಲೆ ಓಡಿದ ಕನಕುರಿ ಸುಮಾರು 27ನೇ ಕಿಲೋಮೀಟರಿನ ಬಳಿ ತಲೆ ಸುತ್ತಿ, ದಾರಿ ಪಕ್ಕದ ಮನೆಯೊಂದರ ತೋಟಕ್ಕೆ ಹೋಗಿಬಿಟ್ಟರು. ಮನೆಯವರು ಕುಡಿಯಲು ಕೊಟ್ಟು ಉಪಚರಿಸಿದರು. ಅಲ್ಲಿಂದ ಅವರು ರೈಲು ಹತ್ತಿ ನಗರಕ್ಕೆ ಮರಳಿದರು. ಸ್ಪರ್ಧೆಯಿಂದ ಹಿಂದೆ ಸರಿದೆ ಎಂದು ಅಧಿಕಾರಿಗಳಿಗೆ ತಿಳಿಸಲಿಲ್ಲವಾಗಿ ಸ್ವೀಡನ್ನಿನ ದಾಖಲೆಯಲ್ಲಿ ‘ಕಾಣೆಯಾದ ಓಟಗಾರ’ ಎಂದೇ ಉಳಿದರು. 1967ರಲ್ಲಿ ಸ್ವೀಡನ್ನಿನವರು 75 ವರ್ಷದ ಅವರನ್ನು ಕರೆಸಿ ಓಟ ಪೂರ್ಣಗೊಳಿಸಲು ಅವಕಾಶ ಕೊಟ್ಟರು. 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು ಎಂದು ಸಮಯ ಘೋಷಿಸಿದರು. ಪತ್ರಿಕೆಗಳು ಇಂದಿಗೂ ಈ ಸಂಗತಿಯನ್ನು ತಮಾಷೆಯಾಗಿ ಬರೆಯುತ್ತವೆ. ನಮಗೆ ಮುಖ್ಯವಾದದ್ದು ನಡುವಿನ ಆ ಐವತ್ತನಾಲ್ಕು ವರ್ಷಗಳಲ್ಲಿ ಅವರು ಮಾಡಿದ ಕೆಲಸ. ಅದನ್ನು ಬಲ್ಲವರು ಕಡಿಮೆ.

ಊರಿಗೆ ಮರಳಿದ ಕನಕುರಿ ಮೊದಲು ಸೋಲಿನ ಕಾರಣ ಹುಡುಕಿದರು. ಬಿಸಿಲಿಗೆ ಒಗ್ಗಿಕೊಳ್ಳಲು ಬೇಸಗೆಯಲ್ಲಿ ಓಡಿದರು, ಉಸಿರಿನ ಬಲಕ್ಕಾಗಿ ಫ್ಯೂಜಿ ಬೆಟ್ಟ ಹತ್ತಿದರು, ಹೊಲಿಗೆಯವರ ಜೊತೆ ಕೂತು ಬಟ್ಟೆಯ ಪಾದರಕ್ಷೆಗೆ ರಬ್ಬರ್ ಅಟ್ಟೆ ಹಾಕಿಸಿದರು. ಪ್ರಾಯದ ಬಲವಿದ್ದಾಗಲೇ ಬರಬೇಕಿದ್ದ 1916ರ ಬರ್ಲಿನ್ ಒಲಿಂಪಿಕ್ಸ್ ಮಹಾಯುದ್ಧದಿಂದಾಗಿ ರದ್ದಾಯಿತು. ಆ ನಿರಾಸೆಯಲ್ಲಿ ಅವರು ಓಟ ಬಿಡಲಿಲ್ಲ, ಶಾಲೆಯನ್ನೂ ಬಿಡಲಿಲ್ಲ. 1919ರಲ್ಲಿ ಶಿಮೊನೊಸೆಕಿಯಿಂದ ಟೋಕಿಯೊವರೆಗಿನ ಸುಮಾರು 1,200 ಕಿಲೋಮೀಟರನ್ನು ಇಪ್ಪತ್ತು ದಿನಗಳಲ್ಲಿ ಓಡಿ ಮುಗಿಸಿದರು. ಅದೇ ವರ್ಷ ಶಾಲಾ ಕ್ರೀಡಾಕೂಟವೊಂದರಲ್ಲಿ ತೀರ್ಪುಗಾರರಾಗಿ ಹೋಗಿ ರೈಲಿನಲ್ಲಿ ಹಿಂದಿರುಗುವಾಗ ಗೆಳೆಯರ ಜೊತೆ ಇನ್ನೊಂದು ಸಾಹಸದ ಮಾತು ಎತ್ತಿದರು: ಅಮೆರಿಕ ಖಂಡವನ್ನೇ ಓಡಿ ದಾಟಬೇಕು. ಅದಕ್ಕೆ ತಕ್ಕ ಯುವಕರನ್ನು ಆರಿಸಬೇಕು. ಆರಿಸಬೇಕಾದರೆ ರಾಕಿ ಪರ್ವತದಂಥ ಕಡಿದಾದ ದಾರಿಯಲ್ಲಿ ಅವರನ್ನು ಓಡಿಸಿ ನೋಡಬೇಕು. ಟೋಕಿಯೊದಿಂದ ಹಕೊನೆ ಬೆಟ್ಟಕ್ಕೆ ಹೋಗಿ ಬರುವ ದಾರಿಯನ್ನು ಅದಕ್ಕೆ ಆರಿಸಿಕೊಂಡರು. ಅಮೆರಿಕ ದಾಟುವ ಯೋಜನೆ ಕೈಗೂಡಲಿಲ್ಲ. ಅದರ ತಾಲೀಮಿಗೆಂದು ಯೋಚಿಸಿದ ಓಟ ಮಾತ್ರ ಉಳಿದುಕೊಂಡಿತು.

ಮೊದಲ ಹಕೊನೆ ಓಟ ನಡೆದದ್ದು 1920ರ ಫೆಬ್ರುವರಿ 14 ಮತ್ತು 15ರಂದು. ಬಂದದ್ದು ನಾಲ್ಕೇ ತಂಡ: ವಸೆದ, ಕೆಯೊ, ಮೇಜಿ, ಮತ್ತು ಕನಕುರಿ ಓದಿದ ಹೈಯರ್ ನಾರ್ಮಲ್ ಸ್ಕೂಲ್. ಒಂದೊಂದು ತಂಡದಲ್ಲಿ ಹತ್ತು ಮಂದಿ. ಮೊದಲ ದಿನ ಐದು ಜನ ಬೆಟ್ಟದವರೆಗೆ, ಮರುದಿನ ಐದು ಜನ ಹಿಂದಕ್ಕೆ, ಒಬ್ಬರಿಂದೊಬ್ಬರಿಗೆ ಸರದಿ ದಾಟಿಸುತ್ತ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಬೇಕು. ಆ ದಿನದ ಒಂದು ವಿವರ ಗಮನಿಸಬೇಕಾದ್ದು: ಓಟ ಶುರುವಾದದ್ದು ಮಧ್ಯಾಹ್ನ ಒಂದು ಗಂಟೆಗೆ, ಏಕೆಂದರೆ ಹುಡುಗರು ಬೆಳಗಿನ ಪಾಠ ಮುಗಿಸಿಕೊಂಡೇ ಬರಬೇಕಿತ್ತು. ಹೀಗಾಗಿ ಬೆಟ್ಟ ಹತ್ತುವ ಐದನೆಯ ಸರದಿಯವರ ಪಾಲಿಗೆ ಬಂದದ್ದು ಕತ್ತಲೆ. ಊರಿನ ಜನ ಪಂಜು ಹಿಡಿದು ದಾರಿ ತೋರಿಸಿದರು. ಎರಡನೇ ದಿನದ ಕೊನೆಗೆ ಗೆದ್ದದ್ದು ಮೇಷ್ಟ್ರಾಗಲಿದ್ದ ಹುಡುಗರ ತಂಡ. ಓಟಕ್ಕಾಗಿ ಪಾಠ ಬಿಡಿಸಲಿಲ್ಲ, ಪಾಠಕ್ಕಾಗಿ ಓಟ ನಿಲ್ಲಿಸಲಿಲ್ಲ. ಕಾವಲಿಗೆ, ದೀಪಕ್ಕೆ ಊರೇ ನಿಂತಿತು. ಕನಕುರಿ 1921ರಿಂದ ಹೆಣ್ಣುಮಕ್ಕಳ ಶಿಕ್ಷಕಿ ತರಬೇತಿ ಶಾಲೆಯಲ್ಲಿ ಕಲಿಸುತ್ತ, ಹುಡುಗಿಯರು ಬಯಲಲ್ಲಿ ಓಡುವುದನ್ನು ಸಮಾಜ ಇನ್ನೂ ಒಪ್ಪದ ಕಾಲದಲ್ಲಿ ಅವರಿಗೂ ಕ್ರೀಡಾಕೂಟ ನಡೆಸಿದರು. 1983ರಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡರು. ಹಕೊನೆ ಓಟ ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಲವು ವರ್ಷ ನಿಂತು, 1947ರಲ್ಲಿ ಮತ್ತೆ ಶುರುವಾಗಿ, 2024ರ ಜನವರಿಯಲ್ಲಿ ನೂರನೇ ಸಲ ನಡೆಯಿತು.

ಈಗ ಚೌಗುಲೆಯವರ ಕಡೆ ತಿರುಗೋಣ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ತಾವೇ ಮುಂದೆ ನಿಂತು ತಂಡ ಕಟ್ಟಿ ಆಂಟ್‌ವರ್ಪ್‌ಗೆ ಕಳಿಸಿದರು. ಹಾಗೆ ಹೋದವರಲ್ಲಿ ಚೌಗುಲೆ ಒಬ್ಬರು. ಯುರೋಪಿನ ಚಳಿ ಮಳೆಯ ರಸ್ತೆಯಲ್ಲಿ ಅವರು 2 ಗಂಟೆ 50 ನಿಮಿಷದಲ್ಲಿ ಓಟ ಮುಗಿಸಿದ್ದು ಇಂದಿಗೂ ತಲೆಬಾಗಬೇಕಾದ ಸಾಧನೆ. ಆದರೆ ಅವರ ಹಿಂದೆ ಬರುವವರಿಗೆ ದಾರಿ ಮಾಡುವ ವ್ಯವಸ್ಥೆಯೇ ಇರಲಿಲ್ಲ. ಅದು ಅವರ ತಪ್ಪಲ್ಲ. ಒಬ್ಬ ದಾನಿ ಒಬ್ಬ ಪ್ರತಿಭಾವಂತನನ್ನು ಹಡಗು ಹತ್ತಿಸಬಲ್ಲ, ಪ್ರತಿ ವರ್ಷ ನೂರು ಹುಡುಗರನ್ನು ರಸ್ತೆಗಿಳಿಸಲು ದಾನಿಯಿಂದ ಆಗುವುದಿಲ್ಲ. ಫಲ ಅಂಕಿಗಳಲ್ಲೇ ಇದೆ. 1978ರಲ್ಲಿ ಶಿವನಾಥ್ ಸಿಂಗ್ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಓಡಿದರು. ಆ ರಾಷ್ಟ್ರೀಯ ದಾಖಲೆಯನ್ನು ಮುಂದಿನ ನಾಲ್ಕು ದಶಕಗಳಲ್ಲಿ ಒಬ್ಬ ಭಾರತೀಯನೂ ಮುರಿಯಲಿಲ್ಲ. ಜಪಾನಿನಲ್ಲಿ 2021ರ ಬೀವಾ ಸರೋವರದ ಒಂದೇ ಓಟದಲ್ಲಿ ಕೆಂಗೊ ಸುಜುಕಿ 2:04:56ರಲ್ಲಿ ಗೆದ್ದರು, ಅವರೊಡನೆ ನಲವತ್ತಕ್ಕೂ ಹೆಚ್ಚು ಮಂದಿ 2 ಗಂಟೆ 10 ನಿಮಿಷದೊಳಗೆ ಗುರಿ ಮುಟ್ಟಿದರು. ಆ ಪೀಳಿಗೆಯ ಜಪಾನಿ ಓಟಗಾರರಲ್ಲಿ ಹೆಚ್ಚಿನವರು ಶಾಲೆ, ಕಾಲೇಜಿನ ಸರದಿ ಓಟಗಳಲ್ಲಿ ಬೆಳೆದವರು.

ಜಪಾನ್ ಶ್ರೀಮಂತ ದೇಶ, ಅಲ್ಲಿನ ಕಂಪನಿಗಳು ಓಟಗಾರರಿಗೆ ಸಂಬಳ ಕೊಟ್ಟು ಸಾಕುತ್ತವೆ, ಎಲ್ಲ ಶ್ರೇಯಸ್ಸನ್ನೂ ಒಬ್ಬ ಮೇಷ್ಟ್ರಿಗೆ ಕಟ್ಟುವುದು ಸರಿಯೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಕಂಪನಿ, ಪತ್ರಿಕೆ, ಟೀವಿ ಎಲ್ಲವೂ ಕೈಜೋಡಿಸಿವೆ. ಆದರೆ ಕಾಲದ ಕ್ರಮ ನೋಡಿ: ಶಾಲೆ ಕಾಲೇಜುಗಳ ಓಟ ಮೊದಲು ಬಂತು, ಸಿರಿತನ ಆಮೇಲೆ. ಹಣ ತೀರ ಕಡಿಮೆ ಇದ್ದ ಜಾಗದಿಂದಲೂ ಇಂಥದೇ ಸಾಕ್ಷಿ ಸಿಗುತ್ತದೆ. ಐರ್ಲೆಂಡಿನ ಬ್ರದರ್ ಕಾಮ್ ಓಕಾನೆಲ್ 1976ರಲ್ಲಿ ಕೀನ್ಯಾದ ಇಟೆನ್ ಎಂಬ ಊರಿನ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲಿಗೆ ಬಂದದ್ದು ಭೂಗೋಳ ಕಲಿಸಲು. ಓಟದ ತರಬೇತಿಯಲ್ಲಿ ಅವರಿಗೆ ಯಾವ ಪದವಿಯೂ ಇರಲಿಲ್ಲ. ಮಕ್ಕಳನ್ನು ಗಮನಿಸುತ್ತ ಕಲಿತರು. 1988ರ ಸೋಲ್ ಒಲಿಂಪಿಕ್ಸ್‌ನ 1500 ಮೀಟರ್ ಚಿನ್ನ ಗೆದ್ದ ಪೀಟರ್ ರೊನೊ, 1992ರ ಸ್ಟೀಪಲ್‌ಚೇಸ್ ಚಿನ್ನ ಗೆದ್ದ ಮ್ಯಾಥ್ಯೂ ಬಿರಿರ್ ಆ ಶಾಲೆಯ ಹುಡುಗರು. 800 ಮೀಟರ್ ವಿಶ್ವದಾಖಲೆಯ ಡೇವಿಡ್ ರುಡಿಷಾ ಕೂಡ ಓಕಾನೆಲ್ ಗರಡಿಯಲ್ಲೇ ಪಳಗಿದವರು. ಇಟೆನ್ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಸಕಲೇಶಪುರಕ್ಕೆ ಅಂಥ ತೆಳುಗಾಳಿ ಎಲ್ಲಿ ಎಂದು ಇನ್ನೊಂದು ಆಕ್ಷೇಪ ಬರುತ್ತದೆ. ಎತ್ತರದ ಲಾಭ ನಿಜ. ಆದರೆ ಹಕೊನೆ ಓಟ ಶುರುವಾಗುವ ಟೋಕಿಯೊ ಸಮುದ್ರದಂಡೆಯ ನಗರ. ಎತ್ತರವೇ ಎಲ್ಲವೂ ಆಗಿದ್ದರೆ ಜಪಾನ್ ಮ್ಯಾರಥಾನ್ ದೇಶವಾಗುತ್ತಲೇ ಇರಲಿಲ್ಲ.

ವರ್ಷ ತಪ್ಪದ ಕೂಟವೊಂದು ಒಂದು ಸೀಮೆಯ ಆಟವನ್ನು ಹೇಗೆ ಕಾಯುತ್ತದೆ ಎಂಬುದಕ್ಕೆ ಪಕ್ಕದ ಕೊಡಗನ್ನೇ ನೋಡಬಹುದು. 1997ರಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಸೇರಿಸಿ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ಆರಂಭಿಸಿದರು. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊತ್ತಿತು. ಈಚಿನ ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ತಂಡಗಳು ಕಣಕ್ಕಿಳಿದಿವೆ. ಕೊಡಗಿನಲ್ಲಿ ಹಾಕಿ ಅದಕ್ಕೂ ಮೊದಲೇ ಇತ್ತು, ನಿಜ. ಆದರೆ ಅಜ್ಜನಿಂದ ಮೊಮ್ಮಗಳವರೆಗೆ ಒಂದೇ ತಂಡದಲ್ಲಿ ಕೋಲು ಹಿಡಿಯುವ ಅವಕಾಶವನ್ನು ಆ ಕೂಟ ತಂದುಕೊಟ್ಟಿತು. ಹಾಸನದ ಮಲೆನಾಡಿನಲ್ಲಿ ಓಟಕ್ಕೆ ಅಂಥ ಆಸರೆ ಇಲ್ಲ. ಇಲಾಖೆಯ ಕ್ರೀಡಾಕೂಟಗಳ ಪಟ್ಟಿಯಲ್ಲಿ ಗುಡ್ಡಗಾಡು ಓಟದ ಹೆಸರಿದೆ. ಅದು ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಹುಡುಗರನ್ನು ಜರಡಿ ಹಿಡಿಯುತ್ತ ಹೋಗುವ ವ್ಯವಸ್ಥೆ. ಮೊದಲ ಸುತ್ತಿನಲ್ಲಿ ಸೋತ ಮಗು ಮರುದಿನದಿಂದ ಓಡುವುದನ್ನೇ ಬಿಡುತ್ತದೆ. ಸರದಿ ಓಟದಲ್ಲಿ ಹಾಗಾಗುವುದಿಲ್ಲ. ತಂಡದ ಹತ್ತನೆಯ ಮಗುವೂ ತನ್ನ ಪಾಲಿನ ದೂರ ಓಡಲೇಬೇಕು, ಅದಕ್ಕಾಗಿ ವರ್ಷವಿಡೀ ಅಭ್ಯಾಸ ಮಾಡಲೇಬೇಕು. ದೂರದ ಓಟದ ಬಲ ಅಂಥ ವರ್ಷವಿಡೀ ಅಭ್ಯಾಸದಿಂದಲೇ ಬರುವುದು.

ಈ ಸೀಮೆಯಲ್ಲಿ ಓಟದ ಮಾತೆತ್ತಿದರೆ ಮೊದಲು ಬರುವ ಆಕ್ಷೇಪ ಆನೆಯದು. ಅದನ್ನು ಹಗುರವಾಗಿ ನೋಡುವಂತಿಲ್ಲ. ಎಂಟು ಸಲ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡುತ್ತ ಸತ್ತಿತು. ಸಾಕಾನೆಗೇ ಈ ಗತಿಯಾದರೆ ಮಕ್ಕಳನ್ನು ದಾರಿಗೆ ಬಿಡುವುದು ಹೇಗೆ ಎಂಬ ತಂದೆತಾಯಿಯರ ಭಯ ಸಹಜ. ಆದ್ದರಿಂದ ಇಲ್ಲಿನ ಓಟ ನಗರದವರು ಬಯಸುವ ತೋಟದೊಳಗಿನ ಮುಂಜಾವಿನ ಓಟ ಆಗಬಾರದು. ಆನೆಗಳು ಹೆಚ್ಚಾಗಿ ಓಡಾಡುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಅಭ್ಯಾಸ ಶಾಲೆಯ ಸಮಯದಲ್ಲಿ, ಶಾಲೆಯ ಬಯಲಿನಲ್ಲಿ, ಊರೊಳಗಿನ ರಸ್ತೆಯಲ್ಲಿ ನಡೆಯಲಿ. ವಾರ್ಷಿಕ ಓಟ ಹತ್ತು ಗಂಟೆಯ ಬಿಸಿಲು ಬಿದ್ದ ಮೇಲೆ ಡಾಂಬರು ರಸ್ತೆಯಲ್ಲಿ ನಡೆಯಲಿ. ಅರಣ್ಯ ಇಲಾಖೆಯ ಸಿಬ್ಬಂದಿ ಆ ದಿನ ಆನೆ ಎಲ್ಲಿದೆ ಎಂದು ತಿಳಿಸಿದರೆ ದಾರಿ ಬದಲಿಸಬಹುದು, ಬೇಕಾದರೆ ದಿನವನ್ನೇ ಮುಂದೂಡಬಹುದು. ಕಾಲವೂ ಆರಿಸಬಹುದಾದದ್ದು: ಜನವರಿಯಲ್ಲಿ ಮಳೆಯ ಕಾಟವಿಲ್ಲ, ಗದ್ದೆಯ ಕೊಯ್ಲು ಬಹುಪಾಲು ಮುಗಿದಿರುತ್ತದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಇನ್ನೂ ದೂರ ಇರುತ್ತದೆ. ಆನೆಯ ಭಯ ಓಟವನ್ನು ಎಚ್ಚರದಿಂದ ಕಟ್ಟಲು ಕಾರಣವಾಗಬೇಕು, ಮಕ್ಕಳನ್ನು ನಾಲ್ಕು ಗೋಡೆಯೊಳಗೆ ಕೂರಿಸಲು ನೆಪವಾಗಬಾರದು.

ಎರಡನೆಯ ಆಕ್ಷೇಪ ಮಕ್ಕಳ ಮೈಗೆ ಸಂಬಂಧಿಸಿದ್ದು. 2006ರಲ್ಲಿ ಒಡಿಶಾದ ನಾಲ್ಕು ವರ್ಷದ ಬುಧಿಯಾ ಸಿಂಗ್‌ನನ್ನು ಅವನ ತರಬೇತುದಾರ 65 ಕಿಲೋಮೀಟರ್ ಓಡಿಸಿದಾಗ ದೇಶ ಮೊದಲು ಚಪ್ಪಾಳೆ ತಟ್ಟಿತು, ಆಮೇಲೆ ಬೆಚ್ಚಿತು. ಸರ್ಕಾರ ಮಧ್ಯೆ ಬಂದು ತಡೆಯಬೇಕಾಯಿತು. ಆ ಪ್ರಕರಣದ ಪಾಠ ಸ್ಪಷ್ಟ: ಮಗುವಿನ ಓಟ ದೊಡ್ಡವರ ಹೆಸರಿಗಾಗಿ ನಡೆಯಬಾರದು. ಶಾಲೆಯ ಮಕ್ಕಳಿಗೆ ಮ್ಯಾರಥಾನ್ ಬೇಡ. ಒಬ್ಬರಿಗೆ ಒಂದೋ ಎರಡೋ ಕಿಲೋಮೀಟರ್ ಸಾಕು, ಹತ್ತು ಜನ ಸೇರಿದರೆ ಅದೇ ದೊಡ್ಡ ದೂರ. ಖಾಲಿ ಹೊಟ್ಟೆಯ ಮಾತು ಬಂದರೆ, ಬಿಸಿಯೂಟ ಮತ್ತು 2013ರಿಂದ ಕ್ಷೀರಭಾಗ್ಯದ ಹಾಲು ಸರ್ಕಾರಿ ಶಾಲೆಯಲ್ಲಿ ಸಿಗುತ್ತಿವೆ. ಲೈನ್ ಮನೆಗಳಲ್ಲಿ ವಾಸಿಸುವ ತೋಟ ಕಾರ್ಮಿಕರ ಮಕ್ಕಳಿಗೆ ಅಷ್ಟು ಸಾಲದಿರಬಹುದು. ಅಂಥ ಮಗುವಿನ ತೂಕ, ರಕ್ತಹೀನತೆ ಗಮನಕ್ಕೆ ಬರುವುದೂ ಅದು ಓಡುವುದನ್ನು ಯಾರಾದರೂ ನೋಡುತ್ತಿದ್ದಾಗಲೇ. ಏದುಸಿರು ಬಿಡುತ್ತ ಅರ್ಧಕ್ಕೇ ಕೂರುವ ಮಗುವನ್ನು ಆಸ್ಪತ್ರೆಗೆ ತೋರಿಸಿ ಎಂದು ಹೇಳಬಲ್ಲವರು ಮೇಷ್ಟ್ರು.

ಇಷ್ಟೆಲ್ಲ ಭಾರವನ್ನು ಮೇಷ್ಟ್ರ ತಲೆಗೇ ಕಟ್ಟುವುದೇ ಎಂಬುದು ಮೂರನೆಯ ಆಕ್ಷೇಪ. ಎಲ್ಲಕ್ಕಿಂತ ಗಟ್ಟಿಯಾದದ್ದೂ ಇದೇ. ಒಬ್ಬಿಬ್ಬರು ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಇರುವುದಿಲ್ಲ. ಇದ್ದವರಿಗೆ ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಬರೆಯುವುದರಲ್ಲೇ ದಿನ ಕಳೆಯುತ್ತದೆ. ಕಷ್ಟಪಟ್ಟು ಒಬ್ಬರು ಏನೋ ಕಟ್ಟಿದರೆ ವರ್ಗಾವಣೆಯ ಆದೇಶ ಬರುತ್ತದೆ. ಅದಕ್ಕೇ ಮೇಷ್ಟ್ರ ಉತ್ಸಾಹವೊಂದನ್ನೇ ನಂಬಿ ಕೂರಬಾರದು. ಕನಕುರಿಯವರ ದೊಡ್ಡತನ ಇರುವುದು ತಾವಿಲ್ಲದೆಯೂ ನಡೆಯುವ ಓಟ ಕಟ್ಟಿದ್ದರಲ್ಲಿ. ಅಲ್ಲಿ ಪತ್ರಿಕೆಯೊಂದು ಬೆನ್ನಿಗೆ ನಿಂತಿತು, ಕಾಲೇಜುಗಳು ಹೊಣೆ ಹಂಚಿಕೊಂಡವು, ಬೆಟ್ಟದ ಜನ ಪಂಜು ಹಿಡಿದರು. ಇನ್ನು ಓಟದಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರಿಗೆ ಉತ್ತರ: ಬಹಳ ಮಕ್ಕಳಿಗೆ ತುಂಬುವುದಿಲ್ಲ, ಕೆಲವರಿಗೆ ಸೇನೆ, ಪೊಲೀಸ್, ಅರಣ್ಯ ಇಲಾಖೆಗಳ ದೈಹಿಕ ಪರೀಕ್ಷೆಯಲ್ಲಿ ನೆರವಾಗುತ್ತದೆ. ಆದರೆ ಲಾಭದ ಲೆಕ್ಕ ಅಲ್ಲಿಗೇ ಮುಗಿಯಬಾರದು. ಇಂಗ್ಲಿಷು, ಗಣಿತದ ಮುಂದೆ ಕುಗ್ಗಿ ಕೂರುವ ಹಳ್ಳಿಯ ಹುಡುಗಿಗೆ ತನ್ನ ಕಾಲು ತನ್ನನ್ನು ಎಷ್ಟು ದೂರ ಒಯ್ಯಬಲ್ಲದು ಎಂದು ಗೊತ್ತಾಗುವುದೂ ಕಲಿಕೆಯೇ. ಅಮೆರಿಕದ ಕೋರ್ಟ್ನಿ ಡಾವಾಲ್ಟರ್ ವರ್ಷಗಟ್ಟಲೆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಲೇ ಅಲ್ಟ್ರಾ ಓಟ ಓಡಿದವರು. 2017ರಲ್ಲಿ ಯೂಟಾದ ಮೋಆಬ್‌ನಲ್ಲಿ 240 ಮೈಲಿಯ ಆಸುಪಾಸಿನ ಓಟವನ್ನು ಗಂಡಸರೆಲ್ಲರನ್ನೂ ಹಿಂದಿಕ್ಕಿ, ಎರಡನೆಯವರಿಗಿಂತ ಸುಮಾರು ಹತ್ತು ಗಂಟೆ ಮುಂಚೆ ಮುಗಿಸಿದರು. ಅಂಥ ಶಿಕ್ಷಕಿಯ ತರಗತಿಯಲ್ಲಿ ಕೂತ ಹುಡುಗಿಗೆ, ಹೆಣ್ಣಿಗೆ ಇಷ್ಟೇ ದೂರ ಎಂಬ ಮಾತನ್ನು ನಂಬಿಸುವುದು ಕಷ್ಟ.

ಆದ್ದರಿಂದ ಸಕಲೇಶಪುರ, ಆಲೂರು ತಾಲ್ಲೂಕುಗಳ ಹೈಸ್ಕೂಲುಗಳ ನಡುವೆ ವರ್ಷಕ್ಕೊಂದು ಸರದಿ ಓಟ ಶುರುವಾಗಬೇಕು. ಐದು ಹುಡುಗಿಯರು, ಐದು ಹುಡುಗರು ಇರುವ ತಂಡ. ಒಂದು ವರ್ಷ ಬೆಳಗೋಡು ಕಡೆಯ ದಾರಿ, ಮರುವರ್ಷ ಮಗ್ಗೆ, ಪಾಳ್ಯದ ದಾರಿ. ಖರ್ಚು ದೊಡ್ಡದಲ್ಲ: ನೀರು, ಪ್ರಥಮ ಚಿಕಿತ್ಸೆ, ಒಂದು ಆಂಬ್ಯುಲೆನ್ಸ್, ಸರದಿ ದಾಟಿಸಲು ಒಂದೊಂದು ಬಟ್ಟೆಪಟ್ಟಿ. ಬೆಳೆಗಾರರ ಸಂಘಗಳು, ಗ್ರಾಮ ಪಂಚಾಯಿತಿಗಳು, ಶಾಲೆಗಳ ಹಳೆಯ ವಿದ್ಯಾರ್ಥಿಗಳು ಅದನ್ನು ಹೊರಬಲ್ಲರು. ಶಿಕ್ಷಣ ಇಲಾಖೆ ಮಾಡಬೇಕಾದದ್ದು ಓಟ ನಡೆಸುವ ಶಿಕ್ಷಕರಿಗೆ ಆ ದಿನಗಳಲ್ಲಿ ಬೇರೆ ಕೆಲಸ ಹಚ್ಚದಿರುವುದು, ಒಬ್ಬರು ವರ್ಗವಾದರೆ ಇನ್ನೊಬ್ಬರಿಗೆ ಹೊಣೆ ಒಪ್ಪಿಸುವ ಏರ್ಪಾಡು ಇಡುವುದು. ಮೊದಲ ವರ್ಷ ನಾಲ್ಕೇ ಶಾಲೆ ಬಂದರೂ ಚಿಂತೆಯಿಲ್ಲ, ಹಕೊನೆಗೆ ಬಂದದ್ದೂ ನಾಲ್ಕೇ ತಂಡ. ಮುಖ್ಯವಾದದ್ದು ಎರಡನೇ ವರ್ಷವೂ ನಡೆಯುವುದು, ಹತ್ತನೇ ವರ್ಷವೂ ನಡೆಯುವುದು. ಮೊದಲ ಓಟ ಓಡಿದ ಹುಡುಗಿಯೊಬ್ಬಳು ಮುಂದೆ ಟೀಚರ್ ಆಗಿ ಅದೇ ಹೋಬಳಿಗೆ ಬಂದು ತನ್ನ ಶಾಲೆಯ ತಂಡ ಕಟ್ಟಿದ ದಿನ ಈ ಬೆಟ್ಟಗಳಲ್ಲಿ ದೂರದ ಓಟ ಬೇರು ಬಿಟ್ಟಿತು ಎಂದು ಹೇಳಬಹುದು.